ಕಣ್ಣು ತೆರೆದು ಊಟ

ಭಾನುವಾರ, ಪಾಳಿ ಮುಗಿದ ಮೇಲೆ

ಪ್ರೀತಿಯ ಅಮ್ಮನಿಗೆ,

ನಿನ್ನ ಬಾಯಿಬಡುಕಿಯ ನಮಸ್ಕಾರಗಳು. ಕಾಗದದ ತಲೆಯ ಮೇಲೆ ಕರ್ತನ ಹೆಸರು ಬರೆದಿಲ್ಲವೆಂದು ಮುಖ ಊದಿಸಿಕೊಳ್ಳಬೇಡ. ಲಾರಿ ಓಡಿಸುವ ಮಾವನ ಕೈಯಲ್ಲೇ ಕಳಿಸುತ್ತಿದ್ದೇನೆ, ದಾರಿಯಲ್ಲಿ ಯಾರೂ ಒಡೆದು ಓದುವುದಿಲ್ಲ. ಆದರೂ ಬರೆಯಲು ಕೈ ಬರಲಿಲ್ಲ.

ಬರುವ ತಿಂಗಳು ಗಂಟುಮೂಟೆ ಕಟ್ಟಿಕೊಂಡು ಇಲ್ಲಿಗೇ ಬಂದುಬಿಡುತ್ತೇನೆ ಎಂದು ಹೇಳಿ ಕಳಿಸಿದ್ದೀಯಂತೆ. ಬರಬೇಡ ಅಮ್ಮ. ಮನೆ ಚಿಕ್ಕದು, ನಾಲ್ಕನೇ ಮಹಡಿ, ನಿನ್ನ ಮೊಣಕಾಲಿಗೆ ಈ ಮೆಟ್ಟಿಲು ಆಗಿಬರುವುದಿಲ್ಲ. ಈ ನೆಪವನ್ನೆಲ್ಲ ನೀನು ನಂಬುವವಳಲ್ಲ, ನನಗೆ ಗೊತ್ತು. ಹಾಗಾಗಿ ಇದ್ದದ್ದನ್ನು ಇದ್ದ ಹಾಗೆ ಬರೆಯುತ್ತೇನೆ.

ಇನ್ನು ಪ್ರಾರ್ಥನೆಯೇ ಕೂಡದೆಂದು ನಮ್ಮ ಚರ್ಚಿಗೆ ಸರ್ಕಾರದವರು ಬೀಗ ಜಡಿದದ್ದು, ಅದರ ಕೀಲಿಕೈ ಇಟ್ಟುಕೊಂಡದ್ದಕ್ಕೆ ನಿನ್ನ ಅಳಿಯನನ್ನು ಜೈಲಿಗೆ ಹಾಕಿದ್ದು ನಿನಗೆ ಗೊತ್ತೇ ಇದೆ. ಅಲ್ಲಿದ್ದ ಕುರ್ಚಿಗಳನ್ನು ನಮ್ಮ ಹೊಲಿಗೆ ಕಾರ್ಖಾನೆಯ ಊಟದ ಕೋಣೆಗೆ ತಂದು ಹಾಕಿದ್ದಾರೆ. ನೀನು ಬಂದಾಗಲೆಲ್ಲ ಬೈದುಕೊಂಡು ಕೂರುತ್ತಿದ್ದೆಯಲ್ಲ, ಒಂದು ಕಾಲು ಕುಂಟುವ ಕುರ್ಚಿ, ಅದೂ ಬಂದಿದೆ. ಭಾನುವಾರದ ರಜೆಯನ್ನೂ ತೆಗೆದುಹಾಕಿದ್ದಾರೆ. ಇವತ್ತು ಮಧ್ಯಾಹ್ನ ಆ ಕುರ್ಚಿಯ ಮೇಲೆ ಕೂತೇ ಉಂಡೆ.

ನಿನಗೆ ತಿಳಿಯದಿರುವುದು ನಮ್ಮ ಮೆಣಸಿನಕಾಯಿ, ನಿನ್ನ ಮೊಮ್ಮಗಳ ಸಂಗತಿ. ಶಾಲೆಯಲ್ಲಿ ಏನು ಮಾಡಬಾರದೆಂದು ಅವಳಿಗೆ ಗಿಳಿಗೆ ಕಲಿಸಿದ ಹಾಗೆ ಕಲಿಸಿದ್ದೆ. ಹಾಡು ಗುನುಗಬಾರದು, ಅಪ್ಪನ ಮಾತೆತ್ತಬಾರದು. ಎಲ್ಲ ಪಾಲಿಸಿದಳು. ಆದರೆ ಮೊದಲ ತುತ್ತಿಗೆ ಮುಂಚೆ ಕಣ್ಣು ಮುಚ್ಚಬಾರದು ಎಂದು ಹೇಳಿಕೊಡಲು ನನಗೆ ಹೊಳೆಯಲೇ ಇಲ್ಲ. ಅದು ಪ್ರಾರ್ಥನೆ ಎಂದೇ ನಮಗೆ ನೆನಪಿರಲಿಲ್ಲ ಅಮ್ಮ, ಕೈ ತೊಳೆಯುವ ಹಾಗೆ ರೂಢಿಯಾಗಿಬಿಟ್ಟಿತ್ತು. ತರಗತಿಯಲ್ಲಿ ಊಟದ ಡಬ್ಬಿ ಬಿಚ್ಚಿದವಳು ಕಣ್ಣು ಮುಚ್ಚಿದಳು, ಟೀಚರ್ ನೋಡಿದರು. ಸಂಜೆ ಕರೆತರಲು ಹೋದರೆ ಗೇಟಿನವನು ನನ್ನ ಮುಖ ನೋಡದೆ, "ಸರ್ಕಾರದ ಮಕ್ಕಳ ಮನೆಗೆ ಕರ್ಕೊಂಡು ಹೋದ್ರು, ಅಲ್ಲೇ ಕೇಳ್ಕೊಳ್ಳಿ" ಅಂದ.

ಮಗು ಬೇಕಾದರೆ ಕಾರ್ಖಾನೆಯ ಎಲ್ಲರೆದುರು ನಿಂತು, ನನಗೂ ಆ ದೇವರಿಗೂ ಸಂಬಂಧವಿಲ್ಲ ಎನ್ನಬೇಕು ಎಂದರು. ನಿಂತೆ, ಅಂದೆ. ಮಾತು ಸಲೀಸಾಗಿ ಬಂದುಬಿಟ್ಟಿತು, ಅದೇ ನನ್ನನ್ನು ಈಗಲೂ ತಿನ್ನುತ್ತಿದೆ. ನನ್ನ ಪಕ್ಕದ ಮಿಷಿನ್ನಿನವಳೂ ನಮ್ಮ ಚರ್ಚಿನ ಸಭೆಯವಳೇ. ಮಡಿಲಲ್ಲಿದ್ದ ಕಾಲರಿನಿಂದ ನೂಲು ಕೀಳುತ್ತ ಕೂತಳೇ ಹೊರತು ತಲೆ ಎತ್ತಲಿಲ್ಲ. ನೀನು ಎಷ್ಟು ಬೇಕಾದರೂ ಬೈಯಿ. ಮಗಳನ್ನು ಮನೆಗೆ ಕರೆದುಕೊಂಡು ಬಂದೆ.

ಆಗಿನಿಂದ ಮಕ್ಕಳ ಮನೆಯ ಹೆಂಗಸೊಬ್ಬಳು ಸರಿಯಾಗಿ ಊಟದ ಹೊತ್ತಿಗೆ ಬರುತ್ತಾಳೆ. "ನೀವು ಊಟ ಮಾಡಿ, ನಾನು ಸುಮ್ನೆ ಕೂತಿರ್ತೀನಿ" ಅನ್ನುತ್ತಾಳೆ. ಇನ್ನೊಂದು ಸಲ ಏನಾದರೂ ಕಣ್ಣಿಗೆ ಬಿದ್ದರೆ ಮಗುವಿನ ಆಸೆ ಬಿಟ್ಟುಬಿಡಬೇಕಂತೆ. ನೀನೋ, ಕಣ್ಣು ಮುಚ್ಚದೆ ಒಂದು ಗುಟುಕು ನೀರು ಕುಡಿದವಳಲ್ಲ. ಮುಚ್ಚಬೇಡ ಎಂದು ನಿನಗೆ ಹೇಳುವ ಬಾಯಿ ನನಗಿಲ್ಲ. ಅದಕ್ಕೇ ಬರಬೇಡ ಅನ್ನುತ್ತಿರುವುದು. ನಿನ್ನ ಮಡಿಲಲ್ಲಿ ತಲೆಯಿಟ್ಟು ಅಳಬೇಕು ಅನಿಸುತ್ತದೆ, ಆದರೂ ಬರಬೇಡ.

ಮೆಣಸಿನಕಾಯಿ ಚೆನ್ನಾಗಿದ್ದಾಳೆ, ಖಾರ ಮಾತ್ರ ಇಳಿದುಹೋಗಿದೆ. ತಟ್ಟೆಯ ಮುಂದೆ ಕೂತರೆ ರೆಪ್ಪೆ ಬಡಿಯದೆ ನನ್ನನ್ನೇ ನೋಡುತ್ತಾಳೆ. ಸದ್ಯ, ಕಣ್ಣು ತೆರೆದಿಡಲು ಕಲಿತಳಲ್ಲ ಎಂದು ಸಮಾಧಾನ ಮಾಡಿಕೊಂಡಿದ್ದೇನೆ.

ಇಂತಿ,
ನಿನ್ನ ಬಾಯಿಬಡುಕಿ

ಮಡಿಸಿದ ಕಾಗದವನ್ನು ಮತ್ತೆ ಬಿಡಿಸಿದ್ದೇನೆ. ಈಗ ಊಟಕ್ಕೆ ಕೂತಿದ್ದೆವು. ಆ ಹೆಂಗಸು ಇವತ್ತು ಬಂದಿರಲಿಲ್ಲ. ತುಂಬ ದಣಿದಿದ್ದೆ, ಮೊದಲ ತುತ್ತು ಎತ್ತುವಾಗ ನನ್ನ ಕಣ್ಣು ತಾನಾಗಿ ಮುಚ್ಚಿಕೊಂಡಿತು. ತೆರೆದರೆ ಅವಳು ನೋಡುತ್ತಿದ್ದಾಳೆ. "ಅಮ್ಮ, ನೀನು ಕಣ್ಣು ಮುಚ್ಚಿದೆ. ಮನೇಲಿ ಯಾರಾದ್ರೂ ಮುಚ್ಚಿದ್ರೆ ಆ ಆಂಟಿಗೆ ಹೇಳ್ಬೇಕಂತೆ. ನಾಳೆ ಕೇಳಿದ್ರೆ ಏನ್ ಹೇಳ್ಲಿ?" ಅಂದಳು. ಸುಳ್ಳು ಹೇಳಬಾರದೆಂದು ನೀನು ನನಗೆ ಕಲಿಸಿದೆ, ನಾನು ಅವಳಿಗೆ ಕಲಿಸಿದೆ. ತುತ್ತು ಮುಟ್ಟದೆ ಕಾಯುತ್ತಿದ್ದಾಳೆ ಅಮ್ಮ, ನಾನು ಬರೆಯುತ್ತಲೇ ಇದ್ದೇನೆ.