ಚಹಾದ ಪಾತ್ರೆ ಕೆಳಗಿಟ್ಟ ಸೊಸೆ

ಬಿಷ್ಕೆಕ್
ಭಾನುವಾರ, ನವೆಂಬರ್ 8, 2009

ಪ್ರೀತಿಯ ಅಮ್ಮನಿಗೆ,

ನೀನೂ ತಮ್ಮನ ಮನೆಯವರೂ ಆರೋಗ್ಯವಾಗಿದ್ದೀರಿ ಎಂದು ನಂಬಿದ್ದೇನೆ. ಎರಡು ತಿಂಗಳಿಂದ ಕಾಗದ ಬರೆಯಲಿಲ್ಲ, ತಪ್ಪು ನನ್ನದೇ, ಬೇಸರ ಮಾಡಿಕೊಳ್ಳಬೇಡ. ನೀನು ಕಳಿಸಿದ ಒಣಮೊಸರಿನ ಉಂಡೆಗಳ ಚೀಲವನ್ನು ವ್ಯಾನಿನವನು ಕೈಗಿತ್ತು, ನಮ್ಮೂರು ಆತ್‌ಬಾಶಿಯಲ್ಲಿ ಎಷ್ಟು ಹಿಮ ಬಿದ್ದಿದೆ ಎಂದು ತನ್ನ ಮೊಣಕಾಲು ಮುಟ್ಟಿ ತೋರಿಸಿದ. ಉಂಡೆಗಳನ್ನು ಹೊಲಿಗೆ ಕಾರ್ಖಾನೆಯ ಗೆಳತಿಯರು ಎರಡೇ ದಿನದಲ್ಲಿ ಮುಗಿಸಿದರು.

ಈಗ ಸುದ್ದಿ. ನೀನು ಪ್ರತಿ ಗುರುವಾರ ನೋಡುತ್ತೀಯಲ್ಲ, ಕಿವಿ ಕೇಳದ ಸೊಸೆಯ ಧಾರಾವಾಹಿ, ಅದರಲ್ಲಿ ಆಗಸ್ಟ್‌ನಿಂದ ನನಗೂ ಒಂದು ಕೆಲಸ ಇದೆ. ಮುಗಿಯುವವರೆಗೆ ಹೇಳಬಾರದು ಎಂದುಕೊಂಡಿದ್ದೆ. ಮೊನ್ನೆ ಮುಗಿಯಿತು.

ಅದನ್ನು ನೋಡಿ ಅತ್ತು ತಲೆವಸ್ತ್ರ ಒದ್ದೆಯಾಯಿತು ಎಂದು ನೀನು ಬೇಸಿಗೆಯಲ್ಲಿ ಬರೆದಿದ್ದೆ. ನಮ್ಮ ಕಾರ್ಖಾನೆಯಲ್ಲಿ ಯಾರೂ ಅಳುತ್ತಿರಲಿಲ್ಲ. ಇಲ್ಲಿ ಹನ್ನೊಂದು ಜನ ನನ್ನ ಹಾಗೆ ಕಿವಿ ಕೇಳದವರು. ಸೊಸೆಯ ಕಣ್ಣಲ್ಲಿ ನೀರು ಬಂದ ಕೂಡಲೇ ಕ್ಯಾಮೆರಾ ಅವಳ ಮುಖದ ಹತ್ತಿರಕ್ಕೆ ಹೋಗುತ್ತಿತ್ತು, ಕೈಗಳು ಚೌಕಟ್ಟಿನಿಂದ ಹೊರಗೆ ಬೀಳುತ್ತಿದ್ದವು. ಅವಳು ಏನೋ ಹೇಳುತ್ತಿದ್ದಾಳೆ ಎಂದು ಭುಜ ಅಲುಗುವುದರಿಂದ ಗೊತ್ತಾಗುತ್ತಿತ್ತು, ಏನು ಎಂದು ಗೊತ್ತಾಗುತ್ತಿರಲಿಲ್ಲ. ಬಟ್ಟೆ ಕತ್ತರಿಸುವ ಎಶೀಮ್ ಅಣ್ಣ ಒಂದು ಸಂಜೆ ಕತ್ತರಿ ಕೆಳಗಿಟ್ಟು ಕೈಮಾತಿನಲ್ಲಿ ಹೇಳಿದ:

"ಮೂವತ್ತು ವರ್ಷದಿಂದ ಕತ್ತರಿಸ್ತಿದೀನಿ. ಎದೆ ಹತ್ರ ಕತ್ತರಿಸಿ, ಕೋಟು ಇಷ್ಟೇ ಅಂತ ಯಾರಿಗೂ ಕೊಟ್ಟಿಲ್ಲಪ್ಪ."

ಅದೇ ತಿಂಗಳು ಆ ಧಾರಾವಾಹಿಗೆ ಕಸೂತಿಯ ಮಖಮಲ್ ಮೇಲಂಗಿ ಹೊಲಿಯುವ ಕೆಲಸ ನಮಗೆ ಬಂತು. ಅಳತೆ ನೋಡಲು ಸ್ಟುಡಿಯೋಗೆ ನಾನೇ ಹೋದೆ. ಸೊಸೆಯ ಪಾತ್ರದ ಹುಡುಗಿಯ ಹೆಸರು ಅಯ್ಪೆರಿ, ಅವಳಿಗೆ ಕಿವಿ ಕೇಳುತ್ತದೆ. ನಾನು ಕಿವುಡಿ ಎಂದು ತಿಳಿದದ್ದೇ ಉತ್ಸಾಹದಿಂದ ಕೈಯಾಡಿಸತೊಡಗಿದಳು. ಒಂದೂ ತಿಳಿಯಲಿಲ್ಲ. ಬಾಯಲ್ಲಿ ಕಚ್ಚಿದ್ದ ಪಿನ್ನುಗಳನ್ನು ತೆಗೆದು ನೋಟ್‌ಬುಕ್ಕಿನಲ್ಲಿ ಬರೆದೆ: "ನಿಮ್ಮ ಕೈಗೆ ಏನಾಗಿದೆ?"

ಸಿಟ್ಟಾಗುತ್ತಾಳೆ ಎಂದುಕೊಂಡೆ. ಅವಳು ನಕ್ಕು, "ಪುಸ್ತಕದಿಂದ ಕಲಿತೆ, ಅಕ್ಕ. ನೀವೇ ಕಲಿಸಿಬಿಡಿ" ಎಂದು ಬರೆದಳು. ಅಂದಿನಿಂದ ಹೊಲಿಗೆ ಮುಗಿದ ಮೇಲೆ ದಿನವೂ ಎರಡು ಗಂಟೆ ಅವಳ ಜೊತೆ. ಚುರುಕಿನ ಹುಡುಗಿ. ಒಂದೂವರೆ ತಿಂಗಳಲ್ಲಿ ನನ್ನ ಮೇಲೇ ಕೈಮಾತಿನಲ್ಲಿ ಚಾಡಿ ಹೇಳುವಷ್ಟು ಕಲಿತಳು.

ಆದರೆ ಕೈ ಕಲಿತು ಏನು ಬಂತು, ಕ್ಯಾಮೆರಾ ಮುಖ ಬಿಟ್ಟು ಕದಲುತ್ತಿರಲಿಲ್ಲ. ನಿರ್ದೇಶಕನ ಹೆಸರು ಮೆದೆರ್. ಅವನ ಮೀಸೆ ಮೇಲ್ತುಟಿಯನ್ನೆಲ್ಲ ಮುಚ್ಚಿದೆ. ಅವನು ಮಾತಾಡಿದರೆ ನನಗೆ ಕುದುರೆ ಹುಲ್ಲು ಅಗಿದಂತೆ ಕಾಣುತ್ತಿತ್ತು. ಹಾಗಾಗಿ ಅವನ ಮಾತನ್ನು ಅಯ್ಪೆರಿ ನನಗೆ ಕೈಯಲ್ಲಿ ದಾಟಿಸುತ್ತಿದ್ದಳು.

"ಕಣ್ಣೀರು ಮುಖದಲ್ಲಿರತ್ತೆ ಕಣಮ್ಮ, ಬೆರಳಲ್ಲಲ್ಲ," ಎಂದ.

ಕೈಗಳೂ ಕಾಣುವಂತೆ ತೆಗೆಯಿರಿ ಎಂದು ಬರೆದು ತೋರಿಸಿದರೆ ಅವನು ಓದದೆ ಜೇಬಿಗೆ ಹಾಕಿಕೊಳ್ಳುತ್ತಿದ್ದ. ಒಂದು ದಿನ ಅತ್ತೆ ಸೊಸೆಯನ್ನು ಬೈಯುವ ದೃಶ್ಯದ ತಾಲೀಮು ನಡೆದಿತ್ತು. ಅತ್ತೆಯ ಪಾತ್ರ ಮಾಡುವವಳು ಬಾತ್ಮಾ ಅಜ್ಜಿ, ಎಪ್ಪತ್ತು ವರ್ಷ, ಹಳೇ ನಾಟಕದವಳು, ಎಲ್ಲರಿಗೂ ಅವಳೆಂದರೆ ಹೆದರಿಕೆ. ಅವಳು ಜೋರಾಗಿ ಬೈಯುತ್ತಿರುವಾಗ ನಾನು ನಡುವೆ ನುಗ್ಗಿ ಮಖಮಲ್ ತುಂಡಿನಿಂದ ಅವಳ ಬಾಯಿ ಮುಚ್ಚಿದೆ. ಎಲ್ಲಿಂದ ಧೈರ್ಯ ಬಂತೋ ಗೊತ್ತಿಲ್ಲ, ಅಮ್ಮ. ಎಲ್ಲರೂ ನಿಂತಲ್ಲೇ ನಿಂತರು. ಬಾತ್ಮಾ ಅಜ್ಜಿ ಬಟ್ಟೆ ಸರಿಸಿ ನನ್ನನ್ನು ನೋಡಿದಳು, ಅಯ್ಪೆರಿಯ ಕೈಗಳನ್ನು ನೋಡಿದಳು, ಆಮೇಲೆ ನಿರ್ದೇಶಕನ ಕಡೆ ತಿರುಗಿದಳು.

"ಲೋ ಮೆದೆರ್, ದಿನಾ ನನ್ನ ಬಾಯಿ ಹೀಗೆ ಮುಚ್ಚಿದ್ರೆ ನಿನ್ನ ಮೀಸೆ ಉಳೀತಿತ್ತಾ? ಆ ಹುಡುಗಿ ಕೈ ಮಾತ್ರ ದಿನಾ ಮುಚ್ತಾ ಕೂತಿದೀಯಲ್ಲೋ."

ಅವಳ ತುಟಿಗಳನ್ನು ಓದುವುದು ಬಲು ಸುಲಭ. ನಾಟಕದವರು ಕೊನೆಯ ಸಾಲಿಗೂ ಮುಟ್ಟುವಂತೆ ಮಾತಾಡುತ್ತಾರೆ.

ಆ ದಿನ ಕ್ಯಾಮೆರಾ ಮೂರು ಹೆಜ್ಜೆ ಹಿಂದೆ ಸರಿಯಿತು. ಆ ಕಂತು ಬಂದ ಗುರುವಾರ ಕಾರ್ಖಾನೆಯಲ್ಲಿ ಒಂದು ಯಂತ್ರವೂ ಓಡಲಿಲ್ಲ. ಅಯ್ಪೆರಿ ಅತ್ತೆಯ ಬೆನ್ನ ಹಿಂದೆ ನಿಂತು ಅತ್ತೆಯ ಬಗ್ಗೆಯೇ ಒಂದು ಮಾತು ಹೇಳಿದಳು. ಹನ್ನೊಂದೂ ಜನ ಮೇಜು ಬಡಿದು ನಕ್ಕರು. ಧಾರಾವಾಹಿ ನೋಡಿ ನಾವು ನಕ್ಕದ್ದು ಅದೇ ಮೊದಲು.

ಗೆದ್ದೆ ಎಂದುಕೊಂಡೆ. ಆಗ ಕೊನೆಯ ಕಂತಿನ ಹಾಳೆಗಳು ಬಂದವು. ಸೊಸೆಗೆ ಜ್ವರ ಬರುತ್ತದೆ. ಎದ್ದಾಗ ಕಿವಿ ಕೇಳುತ್ತದೆ. ನೀರು ಕುದಿಯುವ ಸದ್ದಿಗೆ ಬೆಚ್ಚಿ, ಬಾಯಿ ತೆರೆದು "ಅಮ್ಮ" ಎನ್ನುತ್ತಾಳೆ. ಅತ್ತೆ ಓಡಿ ಬಂದು ತಬ್ಬಿಕೊಳ್ಳುತ್ತಾಳೆ. ಅಕ್ಕಪಕ್ಕದವರೆಲ್ಲ ಅಳುತ್ತಾರೆ.

ಆ ಹಾಳೆಯ ಹಿಂದೆಯೇ ಬರೆದೆ: "ಕಿವಿ ಬಂದ ಮೇಲೆ ಮಾತ್ರ ಇವಳನ್ನು ತಬ್ಬಿಕೊಳ್ಳುತ್ತಾರೆ ಎಂದಾದರೆ, ನೋಡುತ್ತಾ ಕೂತ ನಮ್ಮನ್ನು ಯಾವಾಗ?" ಕಿವುಡ ಮಕ್ಕಳ ಶಾಲೆಯ ಹಾಸ್ಟೆಲಿನಲ್ಲಿ ಅರವತ್ತು ಮಕ್ಕಳು ಇದನ್ನು ನೋಡುತ್ತಾರೆ ಎಂದೂ ಬರೆದೆ.

ಈ ಸಲ ಮೆದೆರ್ ಓದಿದ. "ಕೊನೇ ದಿನ ಜನ ಅಳಲೇಬೇಕು, ಜಿಪಾರ್. ಇಲ್ಲಾಂದ್ರೆ ಚಾನೆಲ್‌ನವರು ನನ್ನನ್ನ ಅಳಿಸ್ತಾರೆ. ಬುಧವಾರದೊಳಗೆ ಇದಕ್ಕಿಂತ ಒಳ್ಳೇದು ಬರ್ಕೊಂಡು ಬಾ, ನೋಡೋಣ."

ಮೂರು ದಿನ ಯಂತ್ರದ ಮುಂದೆ ಕೂತು ಯೋಚಿಸಿದೆ. ಇಪ್ಪತ್ತಮೂರು ಕಂತುಗಳಲ್ಲಿ ಈ ಹುಡುಗಿ ಏನು ಮಾಡಿದ್ದಾಳೆ? ಚಹಾ ಬಗ್ಗಿಸಿದ್ದಾಳೆ. ಸೊಸೆಯ ಕೆಲಸವೇ ಅದು. ಒಂದು ಕೈಯಲ್ಲಿ ಚಹಾದ ಪಾತ್ರೆ, ಇನ್ನೊಂದರಲ್ಲಿ ಬಟ್ಟಲು, ಅತಿಥಿಗಳು ಏಳುವವರೆಗೆ ಕೆಳಗಿಡುವಂತಿಲ್ಲ. ಕಿವಿ ಕೇಳುವ ಸೊಸೆಯಾದರೆ ಬಗ್ಗಿಸುತ್ತಲೇ ಒಂದು ಮಾತಾದರೂ ಆಡಬಹುದು. ನಮ್ಮಂಥವಳಿಗೆ ಆ ಪಾತ್ರೆಯೇ ಬಾಯಿಗೆ ಹಾಕಿದ ಬೀಗ. ಇದು ಹೊಳೆದಾಗ ಸೂಜಿ ಬೆರಳಿಗೆ ಚುಚ್ಚಿದ್ದೂ ಗೊತ್ತಾಗಲಿಲ್ಲ.

ಹೀಗೆ ಬರೆದುಕೊಂಡು ಹೋದೆ. ಮನೆ ತುಂಬ ಅತಿಥಿಗಳು. ಗಂಡನ ದೊಡ್ಡಮ್ಮ ಎಲ್ಲರ ಮುಂದೆ, "ಪಾಪ, ಕಿವುಡಿ, ಅದಕ್ಕೇನು ತಿಳಿಯತ್ತೆ. ಇವಳನ್ನ ತವರಿಗೆ ಕಳಿಸಿ ಬೇರೆ ಹೆಣ್ಣು ತನ್ನಿ" ಎನ್ನುತ್ತಾಳೆ. ಸೊಸೆ ಅವಳ ತುಟಿ ಓದುತ್ತಾಳೆ. ದೊಡ್ಡಮ್ಮನ ಬಟ್ಟಲಿಗೆ ಅಂಚಿನವರೆಗೆ ಚಹಾ ತುಂಬಿಸಿ, ಬಾಗಿ ಕೊಡುತ್ತಾಳೆ. ಆಮೇಲೆ ಪಾತ್ರೆಯನ್ನು ಕೆಳಗಿಡುತ್ತಾಳೆ. ಈಗ ಅವಳ ಎರಡೂ ಕೈ ಖಾಲಿ.

ಮೆದೆರ್ ಓದುತ್ತಾ ಓದುತ್ತಾ ಮೀಸೆ ಕಚ್ಚಿದ. "ಸ್ವಲ್ಪಸ್ವಲ್ಪ ಬಗ್ಗಿಸೋದು ಬಿಟ್ಟು ಬಟ್ಟಲು ತುಂಬಿಸಿ ಕೊಡ್ತಾಳಾ? ಅತ್ತೆ ಎದುರಿಗೆ? ಎದ್ದು ಹೋಗಿ ಅಂತ ಮುಖಕ್ಕೇ ಹೇಳಿದ ಹಾಗಲ್ವಾ ಅದು?"

ಹೌದು ಎಂದು ತಲೆಯಾಡಿಸಿದೆ.

"ಯಾವ ಊರಿನ ಸೊಸೆ ಹಾಗೆ ಮಾಡ್ತಾಳೆ?"

ನಾನು ಉತ್ತರ ಬರೆಯುವ ಮೊದಲೇ ಅಯ್ಪೆರಿ ಹೇಳಿಬಿಟ್ಟಿದ್ದಳು: "ಇಪ್ಪತ್ಮೂರು ವಾರ ಪಾಪ ಪಾಪ ಅನ್ನಿಸ್ಕೊಂಡ ಸೊಸೆ ಮಾಡ್ತಾಳೆ."

ಕೊನೆಗೆ ಎರಡನ್ನೂ ಚಿತ್ರೀಕರಿಸುವುದೆಂದಾಯಿತು. ಮೊದಲು ಜ್ವರದ್ದು. ಅಯ್ಪೆರಿ ಚೆನ್ನಾಗಿ ಅತ್ತಳು. ಸ್ಟುಡಿಯೋದಲ್ಲಿ ಅಡುಗೆ ಮಾಡುವ ಹೆಂಗಸರೂ ಬಾಗಿಲಲ್ಲಿ ನಿಂತು ಅತ್ತರು. ಸೋತೆ ಎಂದುಕೊಂಡೆ.

ಆಮೇಲೆ ಎರಡನೆಯದು. ಅಯ್ಪೆರಿ ಪಾತ್ರೆ ಕೆಳಗಿಟ್ಟು, ನಾನು ಕಲಿಸಿದ್ದನ್ನು ಅತ್ತೆಗೆ ಹೇಳಿದಳು: "ನನಗೆ ಎಲ್ಲ ತಿಳಿಯತ್ತೆ ಅಮ್ಮ. ನನಗೆ ಕಿವಿ ಇಲ್ಲ. ನಿಮಗೆ ಕೈ ಇದೆಯಲ್ಲ." ಇಲ್ಲಿಗೆ ನನ್ನ ಬರಹ ಮುಗಿದಿತ್ತು. ಬಾತ್ಮಾ ಅಜ್ಜಿ ಮುಗಿಸಲಿಲ್ಲ. ಬಾಗಿಲಿಗೆ ಎದುರಾದ ಹಿರಿಯರ ಜಾಗದಲ್ಲಿ ಸ್ವಲ್ಪ ಸರಿದು, ಪಕ್ಕದ ಕೌದಿ ತಟ್ಟಿ ಸೊಸೆಯನ್ನು ಅಲ್ಲಿಗೇ ಕರೆದಳು. ಆಮೇಲೆ ತನ್ನ ಮುದಿ ಕೈಗಳನ್ನೆತ್ತಿ "ಮಗಳು" ಎಂದು ಹೇಳಲು ನೋಡಿದಳು. ತಪ್ಪಾಯಿತು. ಅಯ್ಪೆರಿ ಅವಳ ಬೆರಳು ಹಿಡಿದು ತಿದ್ದಿದಳು. ಮತ್ತೆ ಹೇಳಿದಳು. ಕ್ಯಾಮೆರಾದವನು ಯಾರೂ ಹೇಳದೆಯೇ ಇನ್ನೊಂದು ಹೆಜ್ಜೆ ಹಿಂದೆ ಸರಿದ.

ಮುಗಿದ ಮೇಲೆ ಅಜ್ಜಿ ಅಲ್ಲಿಂದಲೇ ಕೂಗಿ ಹೇಳಿದಳು: "ಮೊದಲನೇದು ನನಗೆ ಸಲೀಸಾಯ್ತು ಮೆದೆರ್. ಹುಡುಗಿಗೆ ಕಿವಿ ಬಂತು, ತಬ್ಕೊಂಡೆ, ಇಷ್ಟು ದಿನ ಬೈದಿದ್ದೆಲ್ಲ ಮಾಫಿ. ಎರಡನೇದರಲ್ಲಿ ಅವಳಿಗೆ ಏನೂ ಬರಲಿಲ್ಲ, ನಾನೇ ಬದಲಾಗಬೇಕಾಯ್ತು. ಈ ವಯಸ್ಸಿಗೆ ಅದು ಕಷ್ಟ ಕಣೋ. ಅದನ್ನೇ ಹಾಕು."

ಅವನು ಹಾಳೆಗಳನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಹೊರಟುಹೋದ. ಮರುದಿನ ಬೆಳಿಗ್ಗೆ ನಮ್ಮ ಕಾರ್ಖಾನೆಯ ಬಾಗಿಲಲ್ಲಿ ಯಾರೋ ನಿಂತಿದ್ದರು, ಗುರುತು ಹತ್ತಲಿಲ್ಲ. ಮೆದೆರ್, ಮೀಸೆ ಬೋಳಿಸಿಕೊಂಡು ಬಂದಿದ್ದ. ಮೇಲ್ತುಟಿ ಮಗುವಿನದರಂತೆ ಬೆಳ್ಳಗಿತ್ತು. ಅವನ ಬಾಯಿಂದ ನಾನು ಓದಿದ ಮೊದಲ ಮಾತು: "ಎರಡನೇದು."

ಎಶೀಮ್ ಅಣ್ಣ ನನ್ನನ್ನು ಎತ್ತಿ ಬಟ್ಟೆ ಕತ್ತರಿಸುವ ಮೇಜಿನ ಮೇಲೆ ನಿಲ್ಲಿಸಿದ. "ಇವಳನ್ನ ಪೂರ್ತಿ ನೋಡಿ, ತಲೆಯಿಂದ ಕಾಲಿನ ತನಕ," ಎಂದ. ಚಪ್ಪಾಳೆಯ ಬದಲು ಹನ್ನೊಂದು ಜೋಡಿ ಕೈಗಳು ಮೇಲೆದ್ದು ಅಲುಗಾಡಿದವು. ನಿನ್ನ ಮಗಳು ಮೂವತ್ತೆರಡನೇ ವಯಸ್ಸಿನಲ್ಲಿ ಮೇಜಿನ ಮೇಲೆ ನಿಂತು ಕುಣಿದಳು ಎಂದು ತಮ್ಮನ ಹೆಂಡತಿಗೆ ಹೇಳಬೇಡ.

ಬರುವ ಗುರುವಾರ ಸಂಜೆ ಏಳಕ್ಕೆ ಆ ಕಂತು. ಕೊನೆಯಲ್ಲಿ ಹೆಸರುಗಳು ಓಡುವಾಗ "ಕೈಮಾತು ಕಲಿಸಿದವರು" ಎಂದು ನನ್ನ ಹೆಸರು ಬರುತ್ತದೆ. ಬೇಗ ಹೋಗಿಬಿಡುತ್ತದೆ, ಕಣ್ಣು ಕೀಳಬೇಡ. ಮೆದೆರ್ ಮುಂದಿನ ಧಾರಾವಾಹಿಗೂ ಕರೆದಿದ್ದಾನೆ. ಅದರಲ್ಲಿ ಕುಂಟುವ ಒಬ್ಬ ಅಂಚೆಯವನಿದ್ದಾನಂತೆ. "ಕುಂಟುವವರನ್ನೇ ಹುಡುಕಿ ತಂದರೆ ಬರುತ್ತೇನೆ" ಎಂದು ಬರೆದುಕೊಟ್ಟಿದ್ದೇನೆ.

ಚಳಿಗೆ ಕಾಲು ಬೆಚ್ಚಗಿಟ್ಟುಕೋ. ನಿನ್ನ ಒಲೆಯ ಬೆಂಕಿ ಈ ಚಳಿಗಾಲವೆಲ್ಲ ಉರಿಯುತ್ತಿರಲಿ, ನಿನ್ನ ಹಾರೈಕೆ ನನ್ನ ಮೇಲಿರಲಿ.

ನಿನ್ನ ಮಗಳು,
ಜಿಪಾರ್

ಮರೆತ ಮಾತು: ಮರೆತದ್ದಲ್ಲ, ಮೇಲೆ ಬರೆಯಲು ಆಗಲಿಲ್ಲ. ನಾನು ಚಿಕ್ಕವಳಿದ್ದಾಗ ಮನೆಗೆ ಜನ ಬಂದರೆ ನೀನು ಕಣ್ಣಲ್ಲೇ ಹೇಳುತ್ತಿದ್ದೆ, ಕೈ ತೊಡೆಯ ಕೆಳಗಿಟ್ಟುಕೋ ಎಂದು. ಅವರು ಹೋಗುವವರೆಗೆ ಕೈಗಳ ಮೇಲೇ ಕೂತಿರುತ್ತಿದ್ದೆ, ಬೆರಳು ಜೋಮು ಹಿಡಿಯುತ್ತಿತ್ತು. ಕೈಯಾಡಿಸಿದರೆ ಮಗು ಬಾಯಿಮಾತು ಕಲಿಯುವುದಿಲ್ಲ ಎಂದು ಶಾಲೆಯ ಡಾಕ್ಟರು ಹೇಳಿದ್ದರೆಂದು ದೊಡ್ಡವಳಾದ ಮೇಲೆ ತಿಳಿಯಿತು, ನಿನ್ನ ಮೇಲೆ ಸಿಟ್ಟಿಲ್ಲ. ಆದರೆ ಮೂವತ್ತೆರಡು ವರ್ಷದಲ್ಲಿ ನೀನು ನನ್ನ ಭಾಷೆಯ ಒಂದು ಮಾತೂ ಕಲಿಯಲಿಲ್ಲ ಅಮ್ಮ. ನಾನೇ ನಿನ್ನ ತುಟಿ ನೋಡುತ್ತಾ ಬೆಳೆದೆ. ಹೊಸ ವರ್ಷಕ್ಕೆ ಊರಿಗೆ ಬರುತ್ತೇನೆ. ನೀನು ಬಾಗಿಲಿಗೆ ಬಂದಾಗ ನಾನು ನಿನ್ನ ಬಾಯಿ ನೋಡುವುದಿಲ್ಲ, ಕೈ ನೋಡುತ್ತೇನೆ.