ಅಮ್ಮ ಎದ್ದು ನಿಂತ ಸಭೆ

ಪುರಸಭೆ ಕಚೇರಿ
ಮಾರ್ಚ್ ೧೪, ಶುಕ್ರವಾರ, ಮಧ್ಯಾಹ್ನದ ಬಿಡುವು

ಪ್ರೀತಿಯ ಅಣ್ಣಾ,

ನಿನ್ನ ಸೊಂಟನೋವು ಈಗ ಹೇಗಿದೆ? ಹಡಗಿನ ಇಂಜಿನ್ ಕೋಣೆಯಲ್ಲಿ ದಿನವಿಡೀ ಬಗ್ಗಿ ದುಡಿಯುವವನಿಗೆ ಬಗ್ಗಬೇಡ ಎಂದು ಬರೆಯುವುದು ನನ್ನ ಜಾಣತನ ಅಷ್ಟೆ. ಆದರೂ ಡಾಕ್ಟರು ಕೊಟ್ಟ ಪಟ್ಟಿ ಕಟ್ಟಿಕೊಳ್ಳುವುದನ್ನು ತಪ್ಪಿಸಬೇಡ. ಇಲ್ಲಿ ಯಾರಿಗೂ ಕಾಯಿಲೆ ಕಸಾಲೆ ಇಲ್ಲ. ಎಲ್ಲರೂ ಚೆನ್ನಾಗಿದ್ದೇವೆ ಎಂದು ಬರೆಯಲು ಹೋದೆ, ಪೆನ್ನು ನಿಂತುಬಿಟ್ಟಿತು. ಬಿಡುವು ಮುಗಿಯುವುದರೊಳಗೆ ಬರೆದು ಮುಗಿಸಬೇಕು. ಅಕ್ಷರ ಕೋಳಿ ಕೆದರಿದಂತಿದ್ದರೆ ಬೈಯಬೇಡ.

ಹಳೆಯ ಇಟ್ಟಿಗೆ ಗೂಡಿನ ಬಯಲು ನೆನಪಿದೆಯಲ್ಲ, ನೀನು ಸೈಕಲ್ ಕಲಿಯಲು ಹೋಗಿ ಹಲ್ಲು ಮುರಿದುಕೊಂಡ ಜಾಗ? ಅಲ್ಲಿ ಇನ್ನೂರ ನಲವತ್ತು ಮನೆಗಳ ಬಡಾವಣೆ ಕಟ್ಟುವ ಪ್ರಸ್ತಾಪ ಮೂರು ವರ್ಷದಿಂದ ಪುರಸಭೆಯಲ್ಲಿ ಹೊರಳಾಡುತ್ತಿತ್ತು. ಅದನ್ನು ತಡೆಯಲು ಟೊಂಕ ಕಟ್ಟಿ ನಿಂತವರು ನಮ್ಮ ಅಪ್ಪನೇ. ಸರ್ವೆ ಕೆಲಸದಿಂದ ನಿವೃತ್ತರಾದದ್ದು ಅಪ್ಪ ಮಾತ್ರ, ಅವರ ಅಳತೆ ಟೇಪಲ್ಲ. ಬಯಲಿಗೆ ಹೋಗುವ ರಸ್ತೆಯನ್ನು ಹದಿನೇಳು ಕಡೆ ಅಳೆದು, ನಕ್ಷೆ ಬರೆದು, ಬೀದಿಯವರೆಲ್ಲರ ಸಹಿ ಹಾಕಿಸಿದ್ದರು. ಸಭೆಯಲ್ಲಿ ಮುಂದಿನ ಸಾಲಿನ ಕುರ್ಚಿ ಅವರದ್ದೇ. ನಾನು ಅಧ್ಯಕ್ಷೆಯ ಪಕ್ಕದ ಮೇಜಿನಲ್ಲಿ ನಡಾವಳಿ ಬರೆಯುತ್ತ ಕೂತಿದ್ದರೆ ಗುರುತೇ ಇಲ್ಲದವರಂತೆ ನೋಡುತ್ತಾರೆ. ಮನೆಗೆ ಬಂದ ಮೇಲೆ ಮಾತ್ರ, "ನಾನು ಹೇಳಿದ್ದೆಲ್ಲ ಬರ್ಕೊಂಡ್ಯಾ?" ಎಂದು ವಿಚಾರಣೆ.

ನಿನ್ನೆ ಕೊನೆಯ ಸಭೆ. ಅಮ್ಮನೂ ಬಂದಿದ್ದಳು, ಇದೇ ಮೊದಲ ಸಲ. ಅಪ್ಪನ ಕನ್ನಡಕ, ಮಾತ್ರೆ ಹಿಡಿದುಕೊಳ್ಳಲು ಬಂದಿರಬೇಕು ಎಂದುಕೊಂಡೆ. ಅಪ್ಪ ತಮ್ಮ ನಕ್ಷೆ ಬಿಡಿಸಿ, ರಸ್ತೆ ಇಕ್ಕಟ್ಟು, ಚರಂಡಿ ಸಾಲದು, ಇಷ್ಟು ಮನೆಗಳ ಭಾರ ತಡೆಯದು ಎಂದು ಅಂಕಿಅಂಶ ಸಮೇತ ಹೇಳಿ ಕೂತರು. ಚಪ್ಪಾಳೆ ಬಿತ್ತು. ಆಮೇಲೆ ಎದ್ದ ಔಷಧಿ ಅಂಗಡಿಯವರು, "ರಸ್ತೆ ಹಾಗಿರಲಿ, ಅಲ್ಲಿಗೆ ಬಂದು ಸೇರೋರು ಎಂಥ ಜನಾನೋ ಏನೋ" ಎಂದರು. ಅಪ್ಪನಿಗೆ ಆ ಮಾತು ಹಿಡಿಸಲಿಲ್ಲ, ಮುಖ ಗಂಟಾಯಿತು. ಆದರೆ ತಲೆ ತಗ್ಗಿಸಿ ನಕ್ಷೆ ಸುತ್ತತೊಡಗಿದರು. ಇನ್ಯಾರಾದರೂ ಮಾತಾಡುವವರಿದ್ದಾರೆಯೇ ಎಂದು ಅಧ್ಯಕ್ಷೆ ಕೇಳಿದಾಗ ಹಿಂದಿನ ಸಾಲಿನಲ್ಲಿ ಒಂದು ಕೈ ಮೇಲೆದ್ದಿತು. ಅಮ್ಮನ ಕೈ, ಅಣ್ಣಾ. ಬಾಗಿಲಿಗೆ ಬಂದ ಪೋಸ್ಟಿನವನ ಹತ್ತಿರವೂ ಅರ್ಧ ಮಾತಾಡಿ ಒಳಗೆ ಸರಿಯುವ ನಮ್ಮಮ್ಮನ ಕೈ.

ಅವಳು ಹೇಳಿದ್ದನ್ನು ಒಂದಕ್ಷರ ಬಿಡದೆ ಬರೆಯುತ್ತೇನೆ. "ನನಗೆ ಭಾಷಣ ಬರಲ್ಲ. ಮದುವೆಯಾಗಿ ಅತ್ತೆ ಮನೇಲಿದ್ದೆ. ಆಮೇಲೆ ಇವರ ಕೆಲಸದ ಕ್ವಾರ್ಟರ್ಸು. ಈಗ ಮಗಳ ಮನೆ. ಮಗಳು, ಅಳಿಯ ಚೆನ್ನಾಗೇ ನೋಡ್ಕೋತಾರೆ, ತಪ್ಪು ತಿಳೀಬೇಡಿ. ಆದ್ರೆ ನಾನು ಮಲಗೋದು ಹಾಲ್‌ನಲ್ಲಿ. ಆರು ವರ್ಷದಿಂದ ಎಲ್ಲರೂ ಏಳೋಕೆ ಮುಂಚೆ ಎದ್ದು ಹಾಸಿಗೆ ಸುತ್ತಿಡ್ತೀನಿ. ಜ್ವರ ಬಂದಾಗಲೂ ಸುತ್ತಿಟ್ಟಿದೀನಿ. ಆ ಬಯಲಲ್ಲಿ ವಯಸ್ಸಾದವರಿಗೆ ಅಂತ ಒಂದು ಕೋಣೆ ಮನೆಗಳೂ ಇವೆಯಂತೆ. ನಾನೊಂದಕ್ಕೆ ಹೆಸರು ಕೊಡ್ತೀನಿ. ಎಂಥ ಜನ ಬರ್ತಾರೋ ಅಂದ್ರಲ್ಲ ಅಂಗಡಿಯವರು, ನಾನು ಬರ್ತೀನಿ."

ಇಷ್ಟು ಹೇಳಿ ಸೆರಗು ಸರಿಮಾಡಿಕೊಂಡು ಕೂತಳು. ಅಪ್ಪ ಹಿಂತಿರುಗಿ ಅವಳನ್ನು ನೋಡಿದರು. ನಲವತ್ತೊಂದು ವರ್ಷ ಜೊತೆಗಿದ್ದವಳನ್ನಲ್ಲ, ಯಾರೋ ಹೊಸಬಳನ್ನು ನೋಡಿದ ಹಾಗೆ. ನಾನು ನಡಾವಳಿ ಬಿಟ್ಟು ಅಮ್ಮನನ್ನೇ ನೋಡುತ್ತಿದ್ದೆ. ಅಧ್ಯಕ್ಷೆ ಮೆಲ್ಲಗೆ, "ಬರ್ಕೊಳ್ಳಿ" ಎಂದರು. ನಾನು ಬರೆದೆ: "ಹಿರಿಯ ಮಹಿಳೆಯೊಬ್ಬರು ಯೋಜನೆಯ ಪರವಾಗಿ ಮಾತನಾಡಿದರು." ಸ್ವಂತ ತಾಯಿಯ ಬಗ್ಗೆ ನಾನು ಬರೆದ ಸಾಲು ಇದು.

ನಿನಗೆ ಗೊತ್ತಲ್ಲ, ನಮ್ಮ ಮನೆಯ ಹಿಂದಿನ ಚಿಕ್ಕ ಕೋಣೆಯಲ್ಲಿ ಅಪ್ಪನ ಮಂಚ, ಅವರ ನಕ್ಷೆಗಳ ಮೇಜು. ಇನ್ನೊಂದು ಚಾಪೆಗೂ ಜಾಗವಿಲ್ಲ. ಹಾಗಾಗಿ ಅಮ್ಮ ಹಾಲಿನಲ್ಲಿ. ಆರು ವರ್ಷದಲ್ಲಿ ಒಂದು ದಿನವೂ ಬೆಳಿಗ್ಗೆ ಅವಳ ಹಾಸಿಗೆ ನನ್ನ ಕಣ್ಣಿಗೆ ಬಿದ್ದಿಲ್ಲ. ಯಾರು ಎಷ್ಟು ಹೊತ್ತಿಗೆ ಬಂದರೂ ನಮ್ಮ ಮನೆಯ ಹಾಲ್ ಅಚ್ಚುಕಟ್ಟಾಗಿರುತ್ತದೆ ಎಂದು ನಾನು ಅಕ್ಕಪಕ್ಕದವರ ಹತ್ತಿರ ಕೊಚ್ಚಿಕೊಂಡಿದ್ದೇನೆ. ಆಗ ಅಮ್ಮ ಅಲ್ಲೇ ನಿಂತು ನಗುತ್ತಿದ್ದಳು.

ಮತ ಹಾಕಿದಾಗ ಆರು ಪರ, ಐದು ವಿರೋಧ. ಬಡಾವಣೆಗೆ ಒಪ್ಪಿಗೆ ಸಿಕ್ಕಿತು. ಆದರೆ ಒಂದು ಷರತ್ತು: ಅಪ್ಪನ ನಕ್ಷೆಯಲ್ಲಿರುವಂತೆ ರಸ್ತೆ ಅಗಲವಾಗಿ, ಚರಂಡಿ ದೊಡ್ಡದಾದ ಮೇಲೆಯೇ ಮನೆ ಏಳಬೇಕು. ಮೂರು ವರ್ಷದ ಓಡಾಟ ನೀರುಪಾಲಾಗಲಿಲ್ಲ. ಯಾರೋ ಬಂದು ಅಪ್ಪನ ಕೈ ಕುಲುಕಿದರು. ಅಪ್ಪನಿಗೆ ಅದು ಯಾಕೆಂದು ಗೊತ್ತಾದ ಹಾಗೆ ಕಾಣಲಿಲ್ಲ. ಮನೆಗೆ ನಡೆದು ಬರುವಾಗ ಅಪ್ಪ ಹತ್ತು ಹೆಜ್ಜೆ ಮುಂದೆ, ಅಮ್ಮ ಹತ್ತು ಹೆಜ್ಜೆ ಹಿಂದೆ, ನಡುವೆ ನಾನು ಯಾವ ಕಡೆಗೂ ಸಲ್ಲದವಳು. ದಾರಿಯುದ್ದಕ್ಕೂ ಅಮ್ಮ ಆಡಿದ್ದು ಒಂದೇ ಮಾತು, "ಸೋಪು ಮುಗಿದಿದೆ, ತಗೋಬೇಕಿತ್ತು."

ವಿಷಯ ತಿಳಿದ ನಿನ್ನ ಭಾವ ಹಾಲಿಗೆ ಹಲಗೆಯ ಗೋಡೆ ಹಾಕಿಸುತ್ತೇನೆಂದು ಆಗಲೇ ಅಡ್ಡ ಉದ್ದ ನೋಡತೊಡಗಿದರು. "ನೀವು ಸುಮ್ನಿರಿ, ನಿಮ್ಮ ಮೇಲೆ ನಂಗೇನೂ ಬೇಜಾರಿಲ್ಲ" ಎಂದಳು ಅಮ್ಮ. ಬೇಜಾರಾಗಿದೆ ಎಂದು ಬೈದಿದ್ದರೆ ನನಗೆ ಎಷ್ಟೋ ಹಗುರಾಗುತ್ತಿತ್ತು. ಒಂದು ಮಾತು ಕೇಳಲೇ? ರಜೆಗೆ ಬಂದಾಗಲೆಲ್ಲ ನೀನೂ ಹಾಲಿನಲ್ಲೇ ಮಲಗುತ್ತಿದ್ದೆಯಲ್ಲ, ನಿನಗಾದರೂ ಇದು ಕಂಡಿತ್ತೇ?

ಮಕ್ಕಳು ಸೋದರಮಾವನಿಗೆ ಮುತ್ತು ಕಳಿಸಿದ್ದಾರೆ. ನಿಮ್ಮ ಅಡುಗೆಯವರಿಗೆ, ನಿನ್ನ ಕ್ಯಾಬಿನ್ನಿನ ಗೆಳೆಯನಿಗೆ ನನ್ನ ನಮಸ್ಕಾರ ತಿಳಿಸು. ನೀನಿರುವ ಕಡೆ ನೀರು ಶಾಂತವಾಗಿರಲಿ, ಹೊತ್ತಿಗೆ ಸರಿಯಾಗಿ ಊಟ, ನಿದ್ದೆ ಸಿಗಲಿ.

ನಿನ್ನ ತಂಗಿ

ಮತ್ತೆ: ಲಕೋಟೆ ಅಂಟಿಸುವ ಹೊತ್ತಿಗೆ ಅಪ್ಪ ಕಚೇರಿಗೇ ಬಂದರು. ಎಲ್ಲರಂತೆ ಸಾಲಿನಲ್ಲಿ ನಿಂತು, ಸರದಿ ಬಂದಾಗ ಕಣ್ಣಿಗೆ ಕಣ್ಣು ಕೊಡದೆ ಕೇಳಿದರು, "ಆ ಮನೆ ಅರ್ಜೀಲಿ ಎಷ್ಟು ಜನ ಇರ್ತಾರೆ ಅಂತ ಬರೀಬೇಕಂತಲ್ಲ. ಅವಳು ಎಷ್ಟು ಅಂತ ಬರೆದಿದಾಳೆ?" ಅರ್ಜಿಯನ್ನು ಬೆಳಿಗ್ಗೆ ಅಮ್ಮನೇ ಕೊಟ್ಟಿದ್ದಳು, ನನ್ನ ಮೇಜಿನ ಖಾನೆಯಲ್ಲಿತ್ತು. ಅದರಲ್ಲಿ 'ಒಬ್ಬರು' ಎಂದಿದೆ. "ಇನ್ನೂ ನೋಡಿಲ್ಲಪ್ಪಾ" ಎಂದೆ. ಮುಂದಿನ ತಿಂಗಳ ಕೊನೆಯವರೆಗೆ ತಿದ್ದಲು ಅವಕಾಶವಿದೆ. ದಡ ಮುಟ್ಟಿದ ಕೂಡಲೇ ಅಮ್ಮನಿಗೆ ಫೋನ್ ಮಾಡು. ತಿದ್ದು ಎಂದು ಹೇಳಬೇಡ. ಕೈತಪ್ಪಿ ಬರೆದಳೋ, ಬೇಕೆಂದೇ ಬರೆದಳೋ, ಅಷ್ಟನ್ನು ಕೇಳು. ನನಗೆ ಕೇಳುವ ಧೈರ್ಯವಿಲ್ಲ.