ಸೈಲಸ್ ಸೀಳದ ಹಾಳೆಗಳು

ಲಡ್ಲೋ ಪಟ್ಟಣ,
೧೮೬೨ನೆಯ ಇಸವಿ, ಅಕ್ಟೋಬರ್ ೯

ಪ್ರೀತಿಯ ಮಗಳು ಹೆಪ್ಸಿಬಾಳಿಗೆ,

ಕಡಲಾಚೆಯ ಅಡಿಲೇಡಿನಲ್ಲಿ ನೀನೂ ಅಳಿಯಂದಿರೂ ಕ್ಷೇಮವೆಂದು ನಂಬಿರುತ್ತೇನೆ. ನಿನ್ನ ಕೆಮ್ಮು ಹೇಗಿದೆ? ನನ್ನ ಮಂಡಿನೋವೊಂದನ್ನು ಬಿಟ್ಟರೆ ಇಲ್ಲಿ ಸಕಲವೂ ಸುಸ್ಥಿತಿಯಲ್ಲಿರುತ್ತದೆ.

ಹೀಗಿರಲಾಗಿ, ವಕೀಲರ ಕಚೇರಿಯಲ್ಲಿ ನಲವತ್ತು ವರ್ಷ ಕೂತು ಪಾರ್ಲಿಮೆಂಟಿಗೆ ಹೋಗುವ ಅರ್ಜಿಗಳನ್ನು ಒಂದು ಚಿತ್ತೂ ಇಲ್ಲದೆ ನಕಲು ಮಾಡಿದ ನಿನ್ನ ತಂದೆಯು ಈ ಕೆಳಕಂಡ ಸಂಗತಿಯನ್ನು ನಿನ್ನ ಅವಗಾಹನೆಗೆ ತರುವುದು ಅಗತ್ಯವಾಗಿದೆ. ಏನೆಂದರೆ, ನೀನು ನನಗೆ ಬರೆಯುವುದು ಒಂದೇ ಪುಟ: ಆರೋಗ್ಯ, ಹವೆ, ವಂದನೆ. ನಿನ್ನ ಸೈಲಸ್ ಚಿಕ್ಕಪ್ಪನಿಗಾದರೋ ಆರು ಪುಟ. ಅದೂ ಅಡ್ಡಕ್ಕೆ ಬರೆದುದರ ಮೇಲೆ ಮತ್ತೆ ಉದ್ದಕ್ಕೆ ಬರೆದು ತುಂಬಿಸಿದ ಆರು ಪುಟ. ಅದನ್ನವನು ತನ್ನ ಪುಸ್ತಕದಂಗಡಿಗೆ ಬಂದವರಿಗೆಲ್ಲ ಓದಿ ಹೇಳುತ್ತಾನೆ. ನನ್ನನ್ನು ಕಂಡೊಡನೆ, "ಏನಣ್ಣಾ, ನಿಂಗೂ ಬಂತಾ ಕಾಗದ? ಹೆಪ್ಸಿ ಈ ಸಲ ಏನ್ ಬರೆದಿದ್ದಾಳೆ ಅಂತೀಯ!" ಎಂದು ಕೂಗುತ್ತಾನೆ. ನಾನು ಜೇಬಿನೊಳಗಿನ ಒಂಟಿ ಹಾಳೆಯನ್ನು ಮುಟ್ಟಿಕೊಂಡು, ಬಂದಿದೆ ಎಂದಷ್ಟೇ ಹೇಳುತ್ತೇನೆ. ನಿನ್ನ ಕೈಹಿಡಿದು ಅಕ್ಷರ ತಿದ್ದಿಸಿದವನು ನಾನು, ಮಗಳೇ, ಕಾಗದ ಅವನಿಗೆ.

ಆದಕಾರಣ ಅವನ ಓದಿನ ಬಣ್ಣ ಬಯಲು ಮಾಡಲು ನಿಶ್ಚಯಿಸಿದೆ. ಹೊಸ ಪುಸ್ತಕದ ಹಾಳೆಗಳು ಅಂಚಿನಲ್ಲಿ ಒಂದಕ್ಕೊಂದು ಕೂಡಿಕೊಂಡು, ಮಡಿಕೆ ಬಿಡಿಸದೆಯೇ ಬರುತ್ತವಷ್ಟೆ. ಅವನ್ನು ಚಾಕುವಿನಿಂದ ಸೀಳುವುದು ಕೊಂಡವರ ಹಕ್ಕು. ಅಂಗಡಿಯವನು ಸೀಳಿದನೋ, ಪುಸ್ತಕ ಹಳತಾಯಿತು. ಆದ್ದರಿಂದ ನಿನ್ನ ಚಿಕ್ಕಪ್ಪ ಮೂವತ್ತು ವರ್ಷಗಳಿಂದ ಪುಸ್ತಕವನ್ನು ಮೂಗಿಗೆ ತಾಗಿಸಿ, ಒಂದು ಕಣ್ಣು ಮುಚ್ಚಿ, ಕೋಳಿಗೂಡಿನಲ್ಲಿ ಮೊಟ್ಟೆ ಹುಡುಕುವವನಂತೆ ಮಡಿಕೆಯೊಳಗೆ ಇಣುಕಿ ಓದುತ್ತಾನೆ. ಕಂಡಷ್ಟೇ ಓದು. ಇಂಥವನನ್ನು ಊರು ಪಂಡಿತನೆನ್ನುತ್ತದೆ!

ಕಳೆದ ಮಂಗಳವಾರ ಅವನ ಅಂಗಡಿಗೆ ಹೋಗಿ, ತೀರಿಹೋದ ಪಾದ್ರಿಗಳ ಹೆಂಡತಿ ಪಾರ್ಜಿಟರ್ ಅಮ್ಮನವರ ಎದುರಿನಲ್ಲಿಯೇ ಒಂದು ಕಾದಂಬರಿಯನ್ನೆತ್ತಿ, ಮುಚ್ಚಿದ ಹಾಳೆಯ ಮೇಲೆ ಬೆರಳಿಟ್ಟು, "ಇದರೊಳಗೆ ಏನಿದೆ, ಹೇಳಪ್ಪಾ ಪಂಡಿತ" ಎಂದೆ. ಅವನು ನಾಚಲಿಲ್ಲ. "ನಂಗೇನ್ ಗೊತ್ತಣ್ಣಾ? ಅದಕ್ಕೇ ಅಲ್ವಾ ಹೆಪ್ಸಿಗೂ ಒಂದು ಪ್ರತಿ ಕಳಿಸೋದು! ನಂಗೆ ಕಾಣದ್ದನ್ನೆಲ್ಲ ಕೇಳಿ ಬರೀತೀನಿ. ಅವಳು ಸೀಳಿ ಓದಿ ಹೇಳ್ತಾಳೆ" ಎಂದ. ಪಾರ್ಜಿಟರ್ ಅಮ್ಮನವರು ನಕ್ಕು, "ನೀವೇನ್ ಕೇಳ್ತೀರಿ ಎಫ್ರೇಮರೇ, ನಿಮ್ಮ ಮಗಳನ್ನ?" ಎಂದರು. ನಾನು ಟೋಪಿ ಎತ್ತಿ ವಂದಿಸಿ ಹೊರಟುಬಂದೆ.

ಮನೆಗೆ ಬಂದು, ನಿನಗೆ ಬರೆದ ಇಪ್ಪತ್ತೊಂದು ಕಾಗದಗಳ ನಕಲುಗಳನ್ನೂ ತೆಗೆದು ಪರಿಶೀಲಿಸಿದೆ. ವಾಕ್ಯರಚನೆಯಲ್ಲಿ ದೋಷವಿಲ್ಲ. ಆದರೆ ನಿನ್ನ ಆರೋಗ್ಯದ ಹೊರತು ಬೇರೊಂದು ಪ್ರಶ್ನೆಯೂ ಇಲ್ಲ. ಎಲ್ಲವನ್ನೂ ನಾನೇ ಹೇಳಿ, ನಾನೇ ಮುಗಿಸಿದ್ದೇನೆ. ಆದರೂ ಸೈಲಸ್ ಮಾಡಿದ್ದು ಅನ್ಯಾಯವೆಂಬ ನನ್ನ ಅಭಿಪ್ರಾಯದಲ್ಲಿ ಬದಲಾವಣೆಯಿಲ್ಲ.

ದೇವರು ನಿಮ್ಮಿಬ್ಬರ ಒಲೆಯನ್ನು ಬೆಚ್ಚಗಿಡಲಿ. ಅಳಿಯಂದಿರಿಗೆ ನನ್ನ ಶುಭಾಶಯಗಳು.

ಇಂತು ನಿನ್ನ ತಂದೆ,
ಎಫ್ರೇಮ್ ಸ್ಟಾನಿಯನ್

ತಾ.ಕ.: ಇಂದು ಬೆಳಿಗ್ಗೆ ಸೈಲಸ್ ಕ್ಷೌರಕ್ಕೆ ಹೋಗಿದ್ದಾಗ, ಈ ಹಡಗಿನಲ್ಲಿ ನಿನಗೆ ಬರುತ್ತಿರುವ ಕಾದಂಬರಿಯೊಳಗೆ ನಾನೂ ಇಣುಕಿದೆ. ಕತ್ತು ಉಳುಕಿದೆ. ಎಂಬತ್ತನೆಯ ಪುಟದಲ್ಲಿ ಬಿರುಗಾಳಿ. ಯಾರೋ ಬಾಗಿಲು ಬಡಿಯುತ್ತಾರೆ. ಆ ಮನೆಯ ಸೊಸೆ ಎದ್ದುಹೋಗಿ ಅಗುಳಿ ತೆಗೆಯುತ್ತಾಳೆ. ಅಲ್ಲಿಗೆ ಮಡಿಕೆ. ಬಾಗಿಲಲ್ಲಿ ಇದ್ದವರು ಯಾರು, ಹೆಪ್ಸಿ? ಎಷ್ಟು ಪುಟವಾದರೂ ಆಗಲಿ, ಬರೆ. ಮೊದಲು ನನಗೆ ಬರೆ. ಅವನು ಕಾಯಲಿ.